ತಾನೇ ತೆರೆಯುವ ಗೇಟು

ಸೆಪ್ಟೆಂಬರ್ 15 ಬಂತಂದ್ರೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ ನಾವು ಸೆಲ್ಫಿ ತಗೋತೀವಿ. ಈ ಸಲ ಅವರ ಒಂದು ಗೇಟಿನ ಬಗ್ಗೆ ಯೋಚಿಸೋಣ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳುತ್ತಾ ಬೆಂಗಳೂರಿನಲ್ಲಿ ಬಿ.ಎ. ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರ ಸ್ವಯಂಚಾಲಿತ ಗೇಟು ಬಂತು: ನೀರು ಮಿತಿ ಮುಟ್ಟಿದರೆ ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚುತ್ತೆ. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ, ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆ ತಡೆಯುವ ಯೋಜನೆ ಕೊಟ್ಟರು. ಆಮೇಲೆ ಕನ್ನಂಬಾಡಿ, ದಿವಾನಗಿರಿ, 1955ರಲ್ಲಿ ಭಾರತ ರತ್ನ. ನೂರು ದಾಟಿ 1962ರಲ್ಲಿ ತೀರಿಕೊಂಡರು.

ಗೇಟು ತಾನೇ ತೆರೆದೀತು. ಕೆಳಗಿನ ಊರಿಗೆ ಹೇಳೋರು ಯಾರು? ಸವದತ್ತಿಯ ನವಿಲುತೀರ್ಥ ಅಣೆಕಟ್ಟು ಅವರದಲ್ಲ, ಆದರೆ ಪ್ರಶ್ನೆ ಅದೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದಾಗ ಬೈಲಹೊಂಗಲ ಕಡೆಯ ನಮಗೆ ಅರ್ಥವಾಗಿದ್ದು ಇಷ್ಟು: ಎಚ್ಚರಿಕೆ ಅಂದ್ರೆ ಬರೀ ಸದ್ದಲ್ಲ, ಸಾಮಾನು ಕಟ್ಟಿಕೊಂಡು ಹೊರಡೋಕೆ ಸಿಗುವ ಸಮಯ.

ತಾನೇ ಓಡುವ ಕಾರಿಗೂ ಇದೇ ಲೆಕ್ಕ. ಕಿತ್ತೂರಿನ ಹೆದ್ದಾರಿಯಲ್ಲಿ ಲೇನ್ ಗೆರೆ ಅಳಿಸಿದೆ ಅಂದುಕೊಳ್ಳಿ. ಕಾರು ಸ್ಟೇರಿಂಗ್ ಹಿಡಿ ಅನ್ನುತ್ತೆ, ನಮ್ಮ ಕಣ್ಣು ಎಲ್ಲೋ ಇದೆ. ವಿಶ್ವಸಂಸ್ಥೆಯ 157ನೇ ವಾಹನ ನಿಯಮ ಇದಕ್ಕೆ ಸಾಮಾನ್ಯವಾಗಿ ಕನಿಷ್ಠ 10 ಸೆಕೆಂಡ್ ಇಟ್ಟಿದೆ. ಚಾಲಕ ಸ್ಪಂದಿಸದಿದ್ದರೆ ಎಚ್ಚರಿಕೆ ಜೋರಾಗಬೇಕು, ಕೊನೆಗೆ ಕಾರು ತಾನೇ ನಿಲ್ಲಬೇಕು.

ಪ್ರಾಜೆಕ್ಟಿಗೆ ಬಜರ್ ಹಚ್ಚಿ ಮುಗೀತು ಅನ್ನೋ ಮೊದಲು, ಅದನ್ನು ಕೇಳಿದವರು ಏನು ಮಾಡಬೇಕು, ಅವರಿಗೆ ಎಷ್ಟು ಹೊತ್ತು ಸಿಗುತ್ತೆ ಅಂತ ಬರೆದುಕೊಳ್ಳೋಣ.