ಗಾನಯೋಗಿ ಪಂಚಾಕ್ಷರ ಗವಾಯಿಗಳು

ಕಣ್ಣಿಲ್ಲದ ಕೂಸು ಹುಟ್ಟಿದ ಮನೆಯಲ್ಲಿ ತಾಯಿಯ ಮೊದಲನೆಯ ಚಿಂತೆ ಯಾವುದು? ತಾನು ಸತ್ತ ಮೇಲೆ ಇದರ ಗತಿ ಏನು ಎಂಬುದೇ. ಹಿಂದಿನ ಕಾಲದಲ್ಲಿ ಅಂಥ ಮಕ್ಕಳಿಗೆ ಜಾತ್ರೆಯ ಹಾದಿಯಲ್ಲಿ ಕೈಯೊಡ್ಡಿ ಕೂಡುವುದೊಂದೇ ಬಹುಮಟ್ಟಿಗೆ ಉಳಿದ ದಾರಿಯಾಗಿತ್ತು. ನಮ್ಮ ಗೋಕಾಕ, ಅರಭಾವಿ, ಹುಕ್ಕೇರಿಯ ಸೀಮೆಗೆ ಬಹು ದೂರವಲ್ಲದ ಗದಗಿನಲ್ಲಿ ಈ ದಾರಿಯನ್ನು ಬದಲಿಸಿದ ಪುಣ್ಯಪುರುಷರೊಬ್ಬರ ಚರಿತ್ರೆಯನ್ನು ವಾಚಕರು ಅವಶ್ಯವಾಗಿ ಅರಿತಿರಬೇಕು.

ಪಂಚಾಕ್ಷರ ಗವಾಯಿಗಳು ೧೮೯೨ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಅವರು ಹುಟ್ಟುಗುರುಡರು, ಅವರ ಅಣ್ಣನೂ ಅಂಧನೇ. ಒಂದೇ ಬಡಮನೆಯಲ್ಲಿ ಇಬ್ಬರು ದೃಷ್ಟಿಹೀನ ಮಕ್ಕಳೆಂದರೆ ಹೆತ್ತವರ ಸಂಕಟವನ್ನು ವರ್ಣಿಸಬೇಕಾಗಿಲ್ಲ. ಆದರೆ ಈ ಬಾಲಕರಿಗೆ ಸಂಗೀತದ ಒಲವು ವಿಶೇಷವಾಗಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು ಗುರುತಿಸಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ವಿದ್ಯೆ ಕೊಡಿಸಿದರು. ಸ್ವಾಮಿಗಳು ೧೯೦೯ರಲ್ಲಿ ಮಲಪ್ರಭೆಯ ತಡಿಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರವು ಗವಾಯಿಗಳ ಸಾಧನೆಯ ನೆಲೆಯಾಯಿತು. ಅಲ್ಲಿ ಮಿರಜಿನ ನೀಲಕಂಠಬುವಾ ಅವರಿಂದ ಅವರು ಹಿಂದುಸ್ತಾನಿ ಗಾಯನವನ್ನು ಕಲಿತರು. ಕರ್ನಾಟಕ ಪದ್ಧತಿಯಲ್ಲಿಯೂ ಪಾಂಡಿತ್ಯ ಪಡೆದು ಎರಡೂ ಸಂಪ್ರದಾಯಗಳಲ್ಲಿ ನಿಷ್ಣಾತರೆನಿಸಿಕೊಂಡರು.

ಇಷ್ಟು ವಿದ್ಯೆಯುಳ್ಳವರು ಕಚೇರಿಗಳನ್ನು ಮಾಡುತ್ತ ಸುಖವಾಗಿ ಇರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮಂತೆಯೇ ಕತ್ತಲೆಯಲ್ಲಿದ್ದ ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಯಿಸಿದರು. ಇಂದು ಊರಿದ್ದಲ್ಲಿ ನಾಳೆ ಇಲ್ಲ. ಭಕ್ತರು ಕೊಟ್ಟ ದವಸಧಾನ್ಯವೇ ಆಧಾರ. ಮಕ್ಕಳ ಹೊಟ್ಟೆಗೆ ಸಾಲದಿದ್ದಾಗ ನಾಟಕ ಮಂಡಳಿಯ ಉತ್ಪನ್ನವೂ ಪಾಠಶಾಲೆಯ ವೆಚ್ಚಕ್ಕೆ ಒದಗಿತು. ಕಡೆಗೆ ಆ ಶಾಲೆಯು ಗದಗಿನಲ್ಲಿ ನೆಲೆಗೊಂಡು ವೀರೇಶ್ವರ ಪುಣ್ಯಾಶ್ರಮವೆಂದು ಹೆಸರಾಯಿತು.

ಪುಸ್ತಕವನ್ನು ಕಾಣದ ಮಗುವಿಗೆ ಕಿವಿಯೇ ಪುಸ್ತಕ. ಗುರುವು ಸ್ವರವನ್ನು ಹೇಳುವುದು, ಶಿಷ್ಯನು ಅದನ್ನು ತಿರುಗಿ ನುಡಿಯುವುದು, ತಪ್ಪಿದಲ್ಲಿ ಮತ್ತೆ ಹೇಳಿಸುವುದು. ತಬಲಾ ಪೆಟ್ಟಿಗೆಗಳ ಮೇಲೆ ಬೆರಳನ್ನು ಹಿಡಿದು ಇಡಿಸುವುದು: ಇದಕ್ಕೆ ಬೇಕಾದ ತಾಳ್ಮೆಯು ತಾನೂ ಕುರುಡನಾಗಿದ್ದು ಕಲಿತವನಿಗೇ ಪೂರ್ಣವಾಗಿ ತಿಳಿದೀತು. ಕಣ್ಣುಳ್ಳವರೂ ಇದೇ ಗುರುಗಳ ಬಳಿಗೆ ಬಂದರು. ಪ್ರಸಿದ್ಧ ಗಾಯಕರಾದ ಬಸವರಾಜ ರಾಜಗುರು ಅವರಲ್ಲೊಬ್ಬರು.

ಗವಾಯಿಗಳು ೧೯೪೪ರಲ್ಲಿ ದೇಹವನ್ನು ಬಿಟ್ಟರು. ಶಾಲೆಯು ಅವರೊಡನೆ ಅಳಿಯಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ದೃಷ್ಟಿ ಕಳೆದುಕೊಂಡು ಅವರ ಬಳಿಗೆ ಬಂದಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು ೨೦೧೦ರಲ್ಲಿ ತಾವು ಗತಿಸುವ ವರೆಗೆ ನಡೆಯಿಸಿದರು. ಅಂಧನು ಅಂಧನಿಗೆ ದಾರಿ ತೋರಿಸಲಾರನೆಂದು ಲೋಕವು ಆಡಿಕೊಳ್ಳುತ್ತದೆ. ಗದಗಿನಲ್ಲಿ ಆ ಮಾತು ಸುಳ್ಳಾಯಿತು.

ತಾಯ್ತಂದೆಗಳೇ, ಅಂಗವೈಕಲ್ಯವುಳ್ಳ ಮಗು ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇದ್ದರೆ ಅದನ್ನು ಮರೆಮಾಡಿ ಇಡಬೇಡಿರಿ. ಕಾಡಶೆಟ್ಟಿಹಳ್ಳಿಯ ಆ ಬಾಲಕನನ್ನು ಯಾರೂ ಗುರುತಿಸದೆ ಹೋಗಿದ್ದರೆ ಎಷ್ಟು ಮಕ್ಕಳ ಬಾಳು ಕತ್ತಲೆಯಲ್ಲಿಯೇ ಉಳಿಯುತ್ತಿತ್ತೆಂಬುದನ್ನು ಆಲೋಚಿಸಿರಿ.