ಕುಮಾರಿ ಮೇರಿ ಆನಿಂಗ್

ಇಂಗ್ಲೆಂಡ್ ದೇಶದ ದಕ್ಷಿಣ ಕರಾವಳಿಯಲ್ಲಿ ಲೈಮ್ ರೀಜಿಸ್ ಎಂಬ ಚಿಕ್ಕ ಪಟ್ಟಣವುಂಟು. ಅಲ್ಲಿಯ ಬಡ ಬಡಗಿಯೊಬ್ಬನ ಮನೆಯಲ್ಲಿ 1799ನೆಯ ಇಸವಿ ಮೇ ತಿಂಗಳಿನಲ್ಲಿ ಮೇರಿಯು ಜನಿಸಿದಳು. 1810ರಲ್ಲಿ ತಂದೆಯು ಸಾಲವನ್ನು ಬಿಟ್ಟು ತೀರಿಕೊಂಡನು. ಆದಿತ್ಯವಾರದ ಶಾಲೆಯಲ್ಲಿ ಕಲಿತ ಓದುಬರಹವನ್ನುಳಿದರೆ ಆ ಬಾಲಿಕೆಗೆ ಹೆಚ್ಚಿನ ವಿದ್ಯಾಭ್ಯಾಸವು ದೊರೆಯಲಿಲ್ಲ.

ಆ ಊರಿನ ಕಡಲಂಚಿನ ಬಂಡೆಗಳು ಚಳಿಗಾಲದ ಬಿರುಗಾಳಿಗೆ ಕುಸಿಯುವಾಗ, ಸುರುಳಿ ಸುತ್ತಿದ ಕಲ್ಲಿನ ಚಿಪ್ಪುಗಳು ಹೊರಬೀಳುವವು. ಜನರು ಅವನ್ನು ಹಾವಿನ ಕಲ್ಲುಗಳೆಂದು ಕರೆಯುತ್ತಿದ್ದರು. ಅವು ಸುಮಾರು 19 ಕೋಟಿ ವರ್ಷಗಳ ಹಿಂದೆ, ಜೂರಾಸಿಕ್ ಯುಗದಲ್ಲಿ, ಸಮುದ್ರದಲ್ಲಿ ಈಜುತ್ತಿದ್ದ ಅಮೋನೈಟ್ ಎಂಬ ಪ್ರಾಣಿಗಳ ಚಿಪ್ಪುಗಳು. ಚಿಪ್ಪಿನೊಳಗಣ ಕೋಣೆಗಳಲ್ಲಿ ವಾಯುವು ತುಂಬಿದ್ದುದರಿಂದ ಅವು ತೇಲಬಲ್ಲವಾಗಿದ್ದವು. ಗಂಡಕೀ ನದಿಯಿಂದ ನಮ್ಮ ದೇಶಕ್ಕೆ ಬರುವ ಸಾಲಿಗ್ರಾಮಗಳಲ್ಲಿಯೂ ಈ ಜಾತಿಯ ಚಿಪ್ಪುಗಳ ಗುರುತನ್ನು ನಾವು ಕಾಣುತ್ತೇವೆ. ಲೈಮಿನಲ್ಲಿ ದೊರೆಯುವ, ದಪ್ಪ ಏಣುಗಳುಳ್ಳ ಒಂದು ಕುಲಕ್ಕೆ 1867ರಲ್ಲಿ ವಿದ್ವಾಂಸರು ಆಸ್ಟೆರೊಸೆರಸ್ ಎಂದು ಹೆಸರಿಟ್ಟರು. ಆದರೆ ಆ ದಂಡೆಯ ಚಿಪ್ಪುಗಳನ್ನು ಮೇರಿಯು ಅದಕ್ಕೆ ಬಹುಕಾಲ ಮೊದಲೇ ಆಯ್ದು, ತೊಳೆದು, ಪ್ರವಾಸಿಗಳಿಗೆ ಮಾರಿ ಮನೆಯನ್ನು ಸಾಗಿಸುತ್ತಿದ್ದಳು.

1811ರಲ್ಲಿ ಅಣ್ಣನಾದ ಜೋಸೆಫನು ಒಂದು ವಿಚಿತ್ರ ಪ್ರಾಣಿಯ ತಲೆಬುರುಡೆಯನ್ನು ಕಂಡನು. ಮರುವರ್ಷ ಮೇರಿಯು ಅದರ ಉಳಿದ ಎಲುಬುಗಳನ್ನು ಕಂಡುಹಿಡಿದಳು. ಅದು ಇಕ್ತಿಯೊಸಾರ್ ಎಂಬ ಸಮುದ್ರದ ಉರಗವಾಗಿತ್ತು. 1823ರಲ್ಲಿ ಉದ್ದ ಕೊರಳಿನ ಪ್ಲೀಸಿಯೊಸಾರ್ ಎಂಬುದರ ಪೂರ್ಣ ಅಸ್ಥಿಪಂಜರವು ಆಕೆಗೆ ದೊರೆಯಿತು. ಆಕೆಯು ಪಂಡಿತರ ಲೇಖನಗಳನ್ನು ಎರವಲು ತಂದು ಕೈಯಿಂದ ಪ್ರತಿಮಾಡಿಕೊಂಡು, ಚಿತ್ರಗಳನ್ನೂ ಬರೆದುಕೊಂಡು ಅಭ್ಯಾಸಮಾಡಿದಳು.

ಈ ಕೆಲಸವು ಅಪಾಯಕರವಾದುದು. 1833ರಲ್ಲಿ ದಂಡೆಯು ಕುಸಿದು ಆಕೆಯ ಮುದ್ದಿನ ನಾಯಿಯು ಸತ್ತುಹೋಯಿತು. ಆಕೆಯು ಕೂದಲೆಳೆಯಷ್ಟರಲ್ಲಿ ಉಳಿದುಕೊಂಡಳು. ಇಷ್ಟಾದರೂ 1824ರಲ್ಲಿ ಲಂಡನಿನ ಭೂಗರ್ಭಶಾಸ್ತ್ರ ಸಂಘದಲ್ಲಿ ಆ ಪ್ಲೀಸಿಯೊಸಾರ್ ವರ್ಣಿಸಲ್ಪಟ್ಟಾಗ, ಅದನ್ನು ಅಗೆದು ತೆಗೆದವಳ ಹೆಸರನ್ನು ಯಾರೂ ಹೇಳಲಿಲ್ಲ. ಆ ಸಂಘವು ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡುದು 1919ರಲ್ಲಿ.

1847ನೆಯ ಮಾರ್ಚ್ ತಿಂಗಳಿನಲ್ಲಿ, 47ನೆಯ ವಯಸ್ಸಿನಲ್ಲಿ, ಆಕೆಯು ಸ್ತನದ ಅರ್ಬುದರೋಗದಿಂದ ಮರಣಹೊಂದಿದಳು. ಮರುವರ್ಷ ಅದೇ ಸಂಘದ ಅಧ್ಯಕ್ಷನು ಸಭೆಯಲ್ಲಿ ಆಕೆಯ ಗುಣಗಾನ ಮಾಡಿದನು. 1850ರಲ್ಲಿ ಸಂಘದ ಸದಸ್ಯರು ಊರಿನ ದೇವಾಲಯದಲ್ಲಿ ಆಕೆಯ ನೆನಪಿಗಾಗಿ ಬಣ್ಣದ ಗಾಜಿನ ಕಿಟಕಿಯೊಂದನ್ನು ನಿಲ್ಲಿಸಿದರು. ಆಕೆಯ ಪ್ರತಿಮೆಯು ಆ ಊರಿನಲ್ಲಿ ಸ್ಥಾಪಿತವಾದುದು 2022ರಲ್ಲಿ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಓದುಬರಹದ ಅಲ್ಪ ಬಂಡವಾಳದಿಂದ ಒಬ್ಬ ಬಡ ಹುಡುಗಿಯು ಎಷ್ಟನ್ನು ಸಾಧಿಸಿದಳೆಂಬುದನ್ನು ನಾವು ನೋಡಿದೆವು. ಆಕೆಗೆ ಸಲ್ಲಬೇಕಾದ ಮಾನವು ಮರಣಾನಂತರ ಸಂದಿತು. ನಮ್ಮ ಹೆಣ್ಣುಮಕ್ಕಳು ಮಾಡುವ ಕೆಲಸಕ್ಕೆ ಅವರ ಹೆಸರನ್ನು ಅವರು ಬದುಕಿರುವಾಗಲೇ ಬರೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ.