ಕಾಯಿಲೆಗಿಂತ ಮೊದಲೇ ಮನೆ ತಲುಪಿದ ವೈದ್ಯೆ

ಸಾರಾ ಜೋಸೆಫೀನ್ ಬೇಕರ್ ಹುಟ್ಟಿದ್ದು 1873ರಲ್ಲಿ, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಊರಿನಲ್ಲಿ. ತಂದೆ ವಕೀಲರು, ಅನುಕೂಲಸ್ಥ ಮನೆತನ. ಆದರೆ ಅವರಿಗೆ 16 ವರ್ಷವಾದಾಗ ತಂದೆ ಮತ್ತು ಸಹೋದರ ಇಬ್ಬರೂ ಟೈಫಾಯ್ಡ್ ಜ್ವರಕ್ಕೆ ಬಲಿಯಾದರು. ಮನೆಯ ಆಸರೆ ತಪ್ಪಿದ ಹೊತ್ತಿನಲ್ಲಿ, ತಾನು ವೈದ್ಯೆಯಾಗಿ ಸಂಸಾರ ಸಲಹುತ್ತೇನೆಂದು ಹುಡುಗಿ ನಿರ್ಧರಿಸಿದರು. ಉಳಿದ ಹಣವನ್ನು ತಾಯಿ ಮಗಳ ಓದಿಗೆ ಕೊಟ್ಟರು.

1898ರಲ್ಲಿ ನ್ಯೂಯಾರ್ಕಿನ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಬೇಕರ್ ಸ್ವಂತ ದವಾಖಾನೆ ತೆರೆದರು. ಮೊದಲ ವರ್ಷದ ಗಳಿಕೆ ಕೇವಲ 185 ಡಾಲರ್. ಜೀವನೋಪಾಯಕ್ಕಾಗಿ ನಗರದ ಆರೋಗ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಕೆಲಸ ಹಿಡಿದರು. ವಲಸಿಗರು ಕಿಕ್ಕಿರಿದಿದ್ದ ವಠಾರಗಳ ಮೆಟ್ಟಿಲು ಹತ್ತಿ ಇಳಿದಾಗ ಅವರು ಕಂಡದ್ದು, ಬೇಸಿಗೆ ಬಂತೆಂದರೆ ಭೇದಿಯಿಂದ ಸಾಲುಸಾಲಾಗಿ ಸಾಯುತ್ತಿದ್ದ ಹಸುಗೂಸುಗಳನ್ನು. ಕಾಯಿಲೆ ಬಿದ್ದ ಮೇಲೆ ಹೋದರೆ ಪ್ರಯೋಜನವಿಲ್ಲ, ಮೊದಲೇ ಹೋಗಬೇಕು ಎಂಬುದು ಅವರಿಗೆ ಮನದಟ್ಟಾಯಿತು.

1908ರ ಬೇಸಿಗೆಯಲ್ಲಿ ಒಂದು ಪ್ರಯೋಗ ಮಾಡಿದರು. ಮಗು ಹುಟ್ಟಿದ ಸುದ್ದಿ ದಾಖಲಾದ ಕೂಡಲೇ ನರ್ಸ್ ಆ ಮನೆಗೆ ಹೋಗುವಳು. ಎದೆಹಾಲು ಕುಡಿಸುವುದು, ದಿನವೂ ಸ್ನಾನ ಮಾಡಿಸುವುದು, ಕೋಣೆಗೆ ಗಾಳಿ ಬಿಡುವುದು, ಸೆಕೆಯಲ್ಲಿ ತೆಳುಬಟ್ಟೆ ಹಾಕುವುದು: ಇಷ್ಟನ್ನೇ ತಾಯಿಗೆ ತಿಳಿಸಿಕೊಡುವಳು. ಆ ಒಂದು ಭಾಗದಲ್ಲೇ ಹಿಂದಿನ ಬೇಸಿಗೆಗಿಂತ 1,200 ಮಕ್ಕಳ ಸಾವು ಕಡಿಮೆಯಾಯಿತು. ಅದೇ ವರ್ಷ ನಗರವು ಮಕ್ಕಳ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗ ತೆರೆದು ಬೇಕರ್ ಅವರನ್ನು ಮುಖ್ಯಸ್ಥೆಯನ್ನಾಗಿ ಮಾಡಿತು.

ಹಾದಿ ಸುಗಮವಾಗಿರಲಿಲ್ಲ. ಹೆಣ್ಣಿನ ಕೈಕೆಳಗೆ ದುಡಿಯಲಾರೆವೆಂದು ಆರು ಮಂದಿ ವೈದ್ಯರು ರಾಜೀನಾಮೆ ಕೊಟ್ಟರು. ಒಂದು ತಿಂಗಳು ನೋಡಿ ಎಂದು ಬೇಕರ್ ಒಪ್ಪಿಸಿದರು. ಅವರು ಕೊನೆಗೆ ಉಳಿದುಕೊಂಡರು. ಮಕ್ಕಳು ಆರೋಗ್ಯವಾಗಿದ್ದರೆ ತಮ್ಮ ವೃತ್ತಿಗೆ ಪೆಟ್ಟು ಎಂದು ಬ್ರೂಕ್ಲಿನ್‌ನ ಕೆಲವು ವೈದ್ಯರು ಮೇಯರ್‌ಗೆ ದೂರಿದರು. ಆ ದೂರನ್ನು ಬೇಕರ್ ತಮ್ಮ ಕೆಲಸಕ್ಕೆ ಸಿಕ್ಕ ಮೆಚ್ಚುಗೆಯೆಂದೇ ಎಣಿಸಿದರು.

ತಾಯಂದಿರು ದುಡಿಯಲು ಹೋದಾಗ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವರು ಅಕ್ಕಂದಿರು. ಅದಕ್ಕೇ ಬೇಕರ್ ಶಾಲಾ ಬಾಲಕಿಯರಿಗಾಗಿ 'ಪುಟ್ಟ ತಾಯಂದಿರ' ಸಂಘಗಳನ್ನು ಕಟ್ಟಿ ಶಿಶುಪಾಲನೆ ಕಲಿಸಿದರು. ಇಂಗ್ಲಿಷ್ ಬಾರದ ಎಷ್ಟೋ ತಾಯಂದಿರಿಗೆ ಆ ತಿಳಿವಳಿಕೆ ಮುಟ್ಟಿದ್ದು ಮಗಳ ಬಾಯಿಂದ, ಮನೆಮಾತಿನಲ್ಲಿ.

ನ್ಯೂಯಾರ್ಕ್ ವಿಶ್ವವಿದ್ಯಾಲಯವು ಸಾರ್ವಜನಿಕ ಆರೋಗ್ಯದ ತರಗತಿಗೆ ಉಪನ್ಯಾಸ ನೀಡಲು ಅವರನ್ನು ಕರೆಯಿತು. ಆದರೆ ಅದೇ ತರಗತಿಯಲ್ಲಿ ಹೆಣ್ಣುಮಕ್ಕಳು ಓದುವಂತಿರಲಿಲ್ಲ. ತಮಗೂ ಪ್ರವೇಶ ಕೊಟ್ಟರೆ ಮಾತ್ರ ಪಾಠ ಹೇಳುವೆನೆಂದು ಪಟ್ಟು ಹಿಡಿದು ಗೆದ್ದರು. 1917ರಲ್ಲಿ ಡಾಕ್ಟರೇಟ್ ಪಡೆದರು. 1923ರಲ್ಲಿ ನಿವೃತ್ತರಾಗಿ, 1945ರಲ್ಲಿ ತೀರಿಕೊಂಡರು.

ಶಾಲೆಯಲ್ಲಿ ಕಲಿತದ್ದನ್ನು ಮಗು ಮನೆಗೆ ಒಯ್ಯುತ್ತದೆ ಎಂಬ ನಂಬಿಕೆ ಬೇಕರ್ ಅವರ ಕೈಹಿಡಿಯಿತು. ಪಾಲಕರಾದ, ಶಿಕ್ಷಕರಾದ ನಮ್ಮ ವಾರಾಂತ್ಯದ ದುಡಿಮೆಯೂ ನಿಂತಿರುವುದು ಅದೇ ನಂಬಿಕೆಯ ಮೇಲೆ.